ಕೀಲೆಣ್ಣೆಯ ಸಾಕ್ಷ್ಯ

ಎತ್ತಿನ ಗಾಡಿ ಕಟ್ಟಿಕೊಂಡು ಸಂತೆಗೆ ಹೋಗಿಬರುತ್ತಿದ್ದ ನಮ್ಮ ಹಿರಿಯರಿಗೆ ಕೀಲೆಣ್ಣೆಯ ಬೆಲೆ ಚೆನ್ನಾಗಿ ಗೊತ್ತಿತ್ತು. ಗಾಡಿಯ ಕೆಳಗೆ ಬಿದಿರಿನ ಗೊಟ್ಟವೊಂದು ತೂಗಾಡುತ್ತಿತ್ತು. ಅದರ ತುಂಬ ಕರಿಯ ಮಂದ ಎಣ್ಣೆ. ಅಚ್ಚು ಕಿರುಗುಟ್ಟತೊಡಗಿತೆಂದರೆ ಗಾಡಿ ನಿಲ್ಲಿಸಿ, ಕಡೆಗೀಲು ತೆಗೆದು, ಗಾಲಿಯನ್ನು ಒಂದಿಷ್ಟು ಹೊರಕ್ಕೆ ಸರಿಸಿ ಎಣ್ಣೆ ಸವರುತ್ತಿದ್ದರು. ಒರೆಸಿ ತೆಗೆದ ಹಳೆಯ ಎಣ್ಣೆಯಲ್ಲಿ ಹೊಳೆಯುವ ಪುಡಿ ಕಂಡರೆ ಅಚ್ಚು ಸವೆಯುತ್ತಿದೆಯೆಂದು ತಿಳಿಯಲು ಯಾರ ಪಾಠವೂ ಬೇಕಿರಲಿಲ್ಲ. ಇಂದಿಗೂ ಮೋಟಾರು ರಿಪೇರಿಯವರು ಎಂಜಿನ್ನಿನಿಂದ ಎಣ್ಣೆಯ ಕಡ್ಡಿಯನ್ನು ಹೊರಗೆಳೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ನೋಡುತ್ತಾರೆ. ತರಿತರಿಯಾಗಿದ್ದರೆ ಮುಖ ಸಣ್ಣದಾಗುತ್ತದೆ.

ಸವೆಯುವ ಲೋಹ ಎಣ್ಣೆಗೆ ಇಳಿಯುತ್ತದೆ, ಆದ್ದರಿಂದ ಎಣ್ಣೆಯನ್ನು ನೋಡಿದರೆ ಲೋಹದ ಗತಿ ತಿಳಿಯುತ್ತದೆ. ವಿಷಯ ಇಷ್ಟೇ. ಈ ಹಳೆಯ ತಿಳಿವಳಿಕೆಯನ್ನು ಜೆಟ್ ವಿಮಾನದ ಎಂಜಿನ್ನಿಗೆ ಅನ್ವಯಿಸಲು ಹೊರಟಾಗ ಏನೇನಾಯಿತು ಎಂಬುದೇ ಇಲ್ಲಿನ ಕಥೆ. ಅದರಲ್ಲಿ ಗೆಲುವೂ ಇದೆ, ಮುಖಭಂಗವೂ ಇದೆ.

ಮೊದಲು ಜೆಟ್ ಎಂಜಿನ್ನಿನ ಒಳಗೆ ಒಮ್ಮೆ ಇಣುಕೋಣ. ಮುಂದೆ ಗಾಳಿಯನ್ನು ಒತ್ತುವ ರೆಕ್ಕೆಗಳ ಸಾಲು, ನಡುವೆ ಬೆಂಕಿಯ ಕೋಣೆ, ಹಿಂದೆ ಆ ಬಿಸಿ ಅನಿಲದಿಂದ ತಿರುಗುವ ಟರ್ಬೈನು. ಇವನ್ನೆಲ್ಲ ಪೋಣಿಸಿರುವುದು ಒಂದೆರಡು ದಂಡಗಳು. ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಈ ದಂಡಗಳನ್ನು ಹೊತ್ತಿರುವುದು ಬೆರಳಲ್ಲಿ ಎಣಿಸಬಹುದಾದಷ್ಟು ಬೇರಿಂಗುಗಳು, ಎಂದರೆ ಉಕ್ಕಿನ ಬಳೆಗಳ ನಡುವೆ ಉರುಳುವ ಗುಂಡುಗಳು ಇಲ್ಲವೇ ಉರುಳೆಗಳು. ಅವುಗಳ ಮೇಲೆ ಸದಾ ಎಣ್ಣೆಯ ಚಿಲುಮೆ ಬೀಳುತ್ತಿರಬೇಕು. ಜಾರಿಸುವುದಕ್ಕಿಂತ ಮಿಗಿಲಾಗಿ ಬಿಸಿಯನ್ನು ಹೊತ್ತೊಯ್ಯುವುದೇ ಆ ಎಣ್ಣೆಯ ಕೆಲಸ. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳು ಹರಳೆಣ್ಣೆಯಿಂದಲೇ ಹಾರಿದ್ದವು ಎಂದರೆ ನಮ್ಮ ಗಾಡಿಯವರಿಗೆ ಖುಷಿಯಾದೀತು. ಜೆಟ್ಟಿನ ಶಾಖಕ್ಕೆ ಹರಳೆಣ್ಣೆಯಿರಲಿ, ನೆಲದಿಂದ ತೆಗೆದ ಖನಿಜ ತೈಲವೂ ಕ್ರಮೇಣ ತಾಳದಾಯಿತು. ಎಸ್ಟರ್ ಎಂಬ ರಾಸಾಯನಿಕಗಳಿಂದ ಕೃತಕವಾಗಿ ತಯಾರಿಸಿದ ಎಣ್ಣೆಯೇ ಬೇಕಾಯಿತು.

ಒಂದು ಬೇರಿಂಗು ಕೆಟ್ಟರೆ ದಂಡ ತನ್ನ ನೆಲೆಯಿಂದ ಕೂದಲೆಳೆಯಷ್ಟು ಸರಿಯುತ್ತದೆ. ತಿರುಗುವ ರೆಕ್ಕೆಗಳು ಸುತ್ತಲಿನ ಗೋಡೆಗೆ ತಾಗುತ್ತವೆ. ಅಲ್ಲಿಂದ ಮುಂದಿನದು ಕೆಲವೇ ನಿಮಿಷಗಳ, ಒಮ್ಮೊಮ್ಮೆ ಕೆಲವೇ ಸೆಕೆಂಡುಗಳ ಮಾತು. ನಾಲ್ಕು ಎಂಜಿನ್ನುಗಳ ವಿಮಾನವಾದರೆ ಉಳಿದ ಮೂರು ಕೈಹಿಡಿಯುತ್ತವೆ. ಒಂಟಿ ಎಂಜಿನ್ನಿನ ಯುದ್ಧವಿಮಾನದ ಚಾಲಕನಿಗೆ ಉಳಿಯುವುದು ಧುಮುಕುಕೊಡೆ ಮಾತ್ರ. ಹಾಗಾಗುವ ಮೊದಲೇ, ವಿಮಾನ ಇನ್ನೂ ನೆಲದ ಮೇಲಿರುವಾಗಲೇ, ಎಂಜಿನ್ ಬಿಚ್ಚದೆಯೇ ಒಳಗಿನ ಸಂಗತಿ ತಿಳಿಯಬೇಕು. ಹೇಗೆ?

ಉತ್ತರದ ಬೇರು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದೆ. 1859ರ ಸುಮಾರಿಗೆ ಅಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ಇಬ್ಬರು ಪ್ರಾಧ್ಯಾಪಕರು ಒಂದು ದೊಡ್ಡ ಸತ್ಯವನ್ನು ಸ್ಥಾಪಿಸಿದರು. ಯಾವುದೇ ಮೂಲವಸ್ತುವನ್ನು ಉರಿಯಲ್ಲಿ ಕಾಯಿಸಿ, ಅದರ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಆಯಾ ವಸ್ತುವಿಗೆ ಮಾತ್ರ ಸಲ್ಲುವ ಗೆರೆಗಳು ಕಾಣುತ್ತವೆ. ಸೋಡಿಯಮ್ಮಿನದು ಹಳದಿ ಜೋಡಿಗೆರೆ, ಬೇರೊಂದರದು ಬೇರೆ. ಬೆರಳ ಗುರುತಿನ ಹಾಗೆ. ಮಾರನೆಯ ವರ್ಷವೇ ಅವರು ಡ್ಯೂರ್ಕ್‌ಹೈಮ್ ಎಂಬ ಊರಿನ ಖನಿಜ ನೀರಿನಲ್ಲಿ ಎರಡು ನೀಲಿ ಗೆರೆಗಳನ್ನು ಕಂಡು, ಅದುವರೆಗೆ ಯಾರೂ ಅರಿಯದಿದ್ದ ಸೀಸಿಯಮ್ ಲೋಹವನ್ನು ಪತ್ತೆಹಚ್ಚಿದರು. ಟನ್ನುಗಟ್ಟಲೆ ದ್ರವದಲ್ಲಿ ಗ್ರಾಮುಗಟ್ಟಲೆ ಅಡಗಿದ್ದ ಲೋಹ ಬೆಳಕಿನ ಗೆರೆಯಾಗಿ ಕಣ್ಣಿಗೆ ಬಿದ್ದಿತ್ತು. ಎಣ್ಣೆಯಲ್ಲಿ ಅಡಗಿದ ಕಬ್ಬಿಣಕ್ಕೂ ಇದೇ ಉಪಾಯ ಸಲ್ಲುತ್ತದೆಂದು ಆಗ ಯಾರೂ ಯೋಚಿಸಲಿಲ್ಲ. ಯೋಚಿಸುವ ಕಾರಣವೂ ಇರಲಿಲ್ಲ.

ಕಾರಣ ಒದಗಿಸಿದ್ದು ವಿಮಾನವಲ್ಲ, ರೈಲು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಹಾರುವ ಯಂತ್ರಗಳ ಕೀರ್ತಿಯೆಲ್ಲ ಹಾರುವವರಿಗೇ ಸಲ್ಲುವ ರೂಢಿ ನಮ್ಮಲ್ಲಿದೆ. 1940ರ ದಶಕದಲ್ಲಿ ಅಮೆರಿಕದ ರೈಲು ಕಂಪನಿಗಳು ಉಗಿಬಂಡಿ ಬಿಟ್ಟು ಡೀಸೆಲ್ಲಿಗೆ ಹೊರಳತೊಡಗಿದ್ದವು. ಕೊಲೊರಾಡೋ ರಾಜ್ಯದ ರಾಕಿ ಪರ್ವತಗಳನ್ನು ಹತ್ತಿಳಿಯುತ್ತಿದ್ದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ವೆಸ್ಟರ್ನ್ ಅವುಗಳಲ್ಲೊಂದು. ಉಗಿಬಂಡಿಯ ಕೀಲುಗಳೆಲ್ಲ ಹೊರಗೇ ಇರುತ್ತಿದ್ದವು; ಚಾಲಕ ಕಿವಿಗೊಟ್ಟರೆ, ಕೈ ಮುಟ್ಟಿಸಿದರೆ ರೋಗ ತಿಳಿಯುತ್ತಿತ್ತು. ಡೀಸೆಲ್ ಎಂಜಿನ್ ಮುಚ್ಚಿದ ಪೆಟ್ಟಿಗೆ. ಘಟ್ಟದ ನಡುವೆ ಅದು ಕೈಕೊಟ್ಟರೆ ಹಿಂದಿನ ಗಾಡಿಗಳೆಲ್ಲ ಸಾಲುಗಟ್ಟಿ ನಿಲ್ಲಬೇಕು. ಈ ಕಂಪನಿಯ ಪ್ರಯೋಗಾಲಯದವರು ಎಂಜಿನ್ನಿನಿಂದ ಒಂದಿಷ್ಟು ಎಣ್ಣೆ ತೆಗೆದು, ಅದನ್ನು ಉರಿಸಿ, ರೋಹಿತವನ್ನು ಛಾಯಾಚಿತ್ರದ ಫಲಕದ ಮೇಲೆ ಹಿಡಿದರು. ತಾಮ್ರ, ಸೀಸ ಹೆಚ್ಚಿದರೆ ಬೇರಿಂಗಿನ ಒಳಪದರ ಸವೆಯುತ್ತಿದೆ. ಕಬ್ಬಿಣ ಹೆಚ್ಚಿದರೆ ಉರುಳೆ ಬಳೆಗಳ ಕಡೆ ನೋಡಬೇಕು. ಸಿಲಿಕಾನ್ ಬಂದರೆ ಗಾಳಿಯ ಜರಡಿ ಹರಿದು ಧೂಳು ನುಗ್ಗಿದೆ. ತಂಪುನೀರಿಗೆ ತುಕ್ಕು ತಡೆಯಲೆಂದು ಬೆರೆಸಿದ ಲವಣದ ಕುರುಹು ಕಂಡರೆ ನೀರು ಎಣ್ಣೆಗೆ ಸೋರುತ್ತಿದೆ. ವೈದ್ಯರು ರಕ್ತ ಪರೀಕ್ಷೆ ಮಾಡಿಸುವ ಕ್ರಮವೇ ಇದು. ಅಮೆರಿಕದ ಇತರ ರೈಲು ಕಂಪನಿಗಳೂ ಈ ದಾರಿ ಹಿಡಿದವು. ಮುಂದೆ 1964ರಲ್ಲಿ ವಾರಾಣಸಿಯ ಕಾರ್ಖಾನೆಯಿಂದ ಅಮೆರಿಕದ ಆಲ್ಕೊ ಮಾದರಿಯ ಡೀಸೆಲ್ ಎಂಜಿನ್ನುಗಳು ಹೊರಬರತೊಡಗಿದ ಮೇಲೆ ನಮ್ಮ ಡೀಸೆಲ್ ಶೆಡ್ಡುಗಳಿಗೂ ಎಣ್ಣೆ ಪರೀಕ್ಷೆಯ ಪ್ರಯೋಗಾಲಯಗಳು ಬಂದವು.

ರೈಲಿನವರ ಈ ವಿದ್ಯೆಯನ್ನು ವಿಮಾನಕ್ಕೆ ತಂದದ್ದು ಅಮೆರಿಕದ ನೌಕಾಪಡೆ, 1950ರ ದಶಕದ ನಡುವಿನಲ್ಲಿ. ಫ್ಲಾರಿಡಾದ ಪೆನ್ಸಕೋಲಾ ನೌಕಾ ವಾಯುನೆಲೆ ಅದರ ಕೇಂದ್ರವಾಯಿತು. ನೌಕಾಪಡೆಯವರೇ ಏಕೆ ಮುಂದಾದರೆಂದು ಊಹಿಸುವುದು ಕಷ್ಟವಲ್ಲ. ಕಡಲ ಮೇಲೆ ಹಾರುವವನಿಗೆ ತುರ್ತಾಗಿ ಇಳಿಯಲು ಹೊಲವೂ ಇಲ್ಲ, ಹೆದ್ದಾರಿಯೂ ಇಲ್ಲ. ಮೊದಲು ಪಿಸ್ಟನ್ ಎಂಜಿನ್ನುಗಳ ಮೇಲೆ ಪ್ರಯೋಗ ನಡೆದು, ಬಳಿಕ ಜೆಟ್ಟುಗಳಿಗೆ ವಿಸ್ತರಿಸಿತು. 1960ರ ದಶಕದಲ್ಲಿ ಭೂಸೇನೆ, ವಾಯುಪಡೆಗಳೂ ಸೇರಿಕೊಂಡವು. ಆಮೇಲೆ ಮೂರೂ ಪಡೆಗಳಿಗೆ ಒಂದೇ ಜಂಟಿ ಯೋಜನೆಯಾಗಿ, ತಾಂತ್ರಿಕ ಕೇಂದ್ರ ಪೆನ್ಸಕೋಲಾದಲ್ಲೇ ನಿಂತಿತು.

ಇಷ್ಟರಲ್ಲಿ ಉಪಕರಣವೂ ಚುರುಕಾಗಿತ್ತು. ಫಲಕ ತೊಳೆದು ಗೆರೆಗಳ ಕಪ್ಪನ್ನು ಅಳೆಯುವ ಕಾಲ ಹೋಯಿತು. ಮೂರು ಕಾಸಿನ ನಾಣ್ಯದಷ್ಟು ಚಿಕ್ಕ ಗ್ರಾಫೈಟ್ ಬಿಲ್ಲೆಯೊಂದು ಎಣ್ಣೆಯ ಬಟ್ಟಲಲ್ಲಿ ಅರ್ಧ ಮುಳುಗಿ ನಿಧಾನವಾಗಿ ತಿರುಗುತ್ತದೆ. ಗಾಣದ ಗುಂಡಿನ ಹಾಗೆ ಮೈಗೆಲ್ಲ ಎಣ್ಣೆ ಬಳಿದುಕೊಂಡು ಮೇಲೆ ಬರುತ್ತದೆ. ಮೇಲೊಂದು ಗ್ರಾಫೈಟ್ ಕಡ್ಡಿ. ಎರಡರ ನಡುವೆ ವಿದ್ಯುತ್ತಿನ ಕಿಡಿ ಹಾರಿದಾಗ ಎಣ್ಣೆಯೂ ಅದರೊಳಗಿನ ಲೋಹವೂ ಉರಿದು ಬೆಳಗುತ್ತವೆ. ಒಂದೊಂದು ಲೋಹದ ಗೆರೆ ಬೀಳುವ ಕಡೆ ಒಂದೊಂದು ಬೆಳಕಿನ ಅಳತೆಗೊಳವೆ. ಅರ್ಧ ನಿಮಿಷದಲ್ಲಿ ಕಬ್ಬಿಣ ಇಷ್ಟು, ಬೆಳ್ಳಿ ಇಷ್ಟು, ತಾಮ್ರ, ಟೈಟಾನಿಯಮ್, ಮೆಗ್ನೀಸಿಯಮ್ ಇಷ್ಟಿಷ್ಟು ಎಂದು ಅಂಕಿ ಬರುತ್ತದೆ. ಲೆಕ್ಕ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂಬುದರಲ್ಲಿ.

ಎಣ್ಣೆಯಲ್ಲಿ ಬೆಳ್ಳಿ ಎಲ್ಲಿಂದ ಬಂತೆಂದು ಕೇಳಬಹುದು. ಬೇರಿಂಗಿನ ಗುಂಡುಗಳು ಒಂದಕ್ಕೊಂದು ತಾಗದಂತೆ ಹಿಡಿದಿಡುವ ಪಂಜರಕ್ಕೆ ಎಷ್ಟೋ ಎಂಜಿನ್ನುಗಳಲ್ಲಿ ಬೆಳ್ಳಿಯ ಲೇಪವಿರುತ್ತದೆ. ಆದ್ದರಿಂದ ಎಣ್ಣೆಯಲ್ಲಿ ಬೆಳ್ಳಿ ಏರಿದರೆ ಪಂಜರ ಉಜ್ಜುತ್ತಿದೆಯೆಂದು ಸಂಶಯ. ಮೆಗ್ನೀಸಿಯಮ್ಮಾದರೆ ಗೇರುಪೆಟ್ಟಿಗೆಯ ಹೊರಕವಚದ ಕಡೆ ಬೆರಳು ಹೋಗುತ್ತದೆ. ಹೀಗೆ ಪ್ರತಿ ಲೋಹಕ್ಕೂ ಎಂಜಿನ್ನಿನೊಳಗೆ ಒಂದು ವಿಳಾಸವಿದೆ.

ಆದರೆ ವಿಳಾಸ ಗೊತ್ತಾದ ಮಾತ್ರಕ್ಕೆ ಅಪರಾಧ ಸಾಬೀತಾಗದು. ನನ್ನ ಮಟ್ಟಿಗೆ ಈ ಚರಿತ್ರೆಯ ಸ್ವಾರಸ್ಯವೆಲ್ಲ ಇಲ್ಲಿಂದ ಮುಂದಿದೆ. ರೈಲಿನ ಡೀಸೆಲ್ ಎಂಜಿನ್ನಿನಲ್ಲಿ ಲೋಹ ಲೋಹದ ಮೇಲೆ ಜಾರುತ್ತದೆ, ಉಜ್ಜುತ್ತದೆ. ನುಣುಪಾದ ಪುಡಿ ಧಾರಾಳವಾಗಿ ಉದುರುತ್ತದೆ. ಜೆಟ್ಟಿನ ಬೇರಿಂಗು ಉರುಳುವಂಥದು. ಆರೋಗ್ಯವಾಗಿರುವಾಗ ಅದು ಹೆಚ್ಚು ಕಡಿಮೆ ಏನನ್ನೂ ಉದುರಿಸುವುದಿಲ್ಲ. ಹತ್ತು ಲಕ್ಷದಲ್ಲಿ ಕೆಲವೇ ಪಾಲು ಕಬ್ಬಿಣ ಅಷ್ಟೆ. ಅಂಥ ಕಡೆ ಎರಡು ಮೂರು ಪಾಲು ಏರಿದರೂ ಅದು ಸುದ್ದಿ. ಅಷ್ಟು ಸಣ್ಣ ಏರಿಕೆ ನಿಜವೋ ಅಳತೆಯ ತಪ್ಪೋ?

ತಪ್ಪಾಗಲು ದಾರಿಗಳು ಬಹಳ. ಎಂಜಿನ್ ನಿಂತ ಸ್ವಲ್ಪ ಹೊತ್ತಿನಲ್ಲೇ ಮಾದರಿ ತೆಗೆಯಬೇಕು; ತಡವಾದರೆ ಕಣಗಳು ತಳಕ್ಕಿಳಿಯುತ್ತವೆ. ಸೀಸೆ ಶುಚಿಯಾಗಿರಬೇಕು. ಜೆಟ್ ಎಂಜಿನ್ ಹಾರುತ್ತ ಹಾರುತ್ತ ಎಣ್ಣೆ ಕುಡಿಯುತ್ತದೆ, ಮೆಕ್ಯಾನಿಕ್ ಹೊಸ ಎಣ್ಣೆ ಸುರಿಯುತ್ತಾನೆ. ಹೊಸ ಎಣ್ಣೆ ಬಿದ್ದಷ್ಟೂ ಹಳೆಯ ಸಾಕ್ಷ್ಯ ತೆಳುವಾಗುತ್ತದೆ. ಹಾಲಿಗೆ ನೀರು ಬೆರೆಸಿದಂತೆ. ಆದ್ದರಿಂದ ಮಾದರಿಯ ಜತೆಗೆ ಕಳಿಸುವ ಚೀಟಿಯಲ್ಲಿ ಎಂಜಿನ್ ಎಷ್ಟು ಗಂಟೆ ಓಡಿದೆ, ಎಣ್ಣೆ ಬದಲಿಸಿ ಎಷ್ಟು ಗಂಟೆಯಾಯಿತು, ನಡುವೆ ಎಷ್ಟು ಸುರಿದಿದ್ದಾರೆ ಎಂದೆಲ್ಲ ಬರೆಯಬೇಕು. ಈ ಚೀಟಿ ತುಂಬುವ ಕೆಲಸ ಯಾರಿಗೂ ಪ್ರಿಯವಲ್ಲ, ಆದರೆ ಲಕ್ಷಾಂತರ ಡಾಲರಿನ ಉಪಕರಣದ ತೀರ್ಪು ನಿಂತಿರುವುದು ಇದರ ಮೇಲೆಯೇ. ವಿಮಾನ ಒಂದು ನೆಲೆಯಿಂದ ಇನ್ನೊಂದಕ್ಕೆ ಹೋದಾಗ ಅಲ್ಲಿನ ಉಪಕರಣ ಬೇರೆ ಅಂಕಿ ತೋರಿದರೆ ಇಡೀ ಚರಿತ್ರೆಯೇ ಸುಳ್ಳಾಗುತ್ತದೆ. ಅದಕ್ಕಾಗಿಯೇ ಪೆನ್ಸಕೋಲಾದಿಂದ ಎಲ್ಲ ಪ್ರಯೋಗಾಲಯಗಳಿಗೂ ಒಂದೇ ಎಣ್ಣೆಯ ಸೀಸೆಗಳನ್ನು ಕಳಿಸಿ, ಬಂದ ಉತ್ತರಗಳನ್ನು ತಾಳೆ ನೋಡುವ ಪದ್ಧತಿ ಬಂತು.

ಹೀಗೆ ಅನುಭವದಿಂದ ಕಲಿತದ್ದು ಇದು: ಒಂದು ಅಂಕಿಯನ್ನು ನಂಬಬೇಡಿ, ಅಂಕಿಗಳ ನಡಿಗೆಯನ್ನು ನೋಡಿ. ಹತ್ತು ಹಾರಾಟದಲ್ಲಿ ನಾಲ್ಕು, ನಾಲ್ಕು, ಐದು, ನಾಲ್ಕು ಎಂದಿದ್ದ ಕಬ್ಬಿಣ ಆರು, ಒಂಬತ್ತು, ಹದಿನಾಲ್ಕು ಎಂದು ಹೆಜ್ಜೆ ಹಾಕತೊಡಗಿದರೆ ಎಂಜಿನ್ ಮಾತಾಡುತ್ತಿದೆ. ಯಾವಾಗಲೂ ಇಪ್ಪತ್ತರಲ್ಲೇ ನಿಂತಿರುವ ಇನ್ನೊಂದು ಎಂಜಿನ್ ಸುಮ್ಮನೆ ಅದರ ಸ್ವಭಾವದಲ್ಲಿದೆ.

ಪ್ರಯೋಗಾಲಯದಲ್ಲಿ ಕುಳಿತವನ ಸ್ಥಿತಿಯನ್ನು ಒಮ್ಮೆ ಊಹಿಸಿ. ಸಂಜೆಯ ಹಾರಾಟಕ್ಕೆ ವಿಮಾನ ಸಿದ್ಧವಾಗಿ ನಿಂತಿದೆ. ಅಂಕಿ ಒಂದಿಷ್ಟು ಏರಿದೆ. ಹಾರಿಸಬೇಡಿ ಎಂದರೆ ಎಂಜಿನ್ ಇಳಿಸಿ ಬಿಚ್ಚಬೇಕು. ಒಳಗೆ ಏನೂ ಸಿಗದಿದ್ದರೆ ಮುಂದಿನ ಸಲ ಅವನ ಮಾತಿಗೆ ಕವಡೆಯ ಕಿಮ್ಮತ್ತಿಲ್ಲ. ಹಾರಲಿ ಎಂದು ಬಿಟ್ಟರೆ, ಆ ಚಾಲಕ ಹಿಂದಿರುಗಿ ಇಳಿಯುವ ತನಕ ಇವನಿಗೆ ನೆಮ್ಮದಿಯಿಲ್ಲ. ಅದಕ್ಕೇ ನಡುದಾರಿಯಾಗಿ ಮತ್ತೊಂದು ಮಾದರಿ ತರಿಸುವುದು, ಎಂಜಿನ್ನನ್ನು ನೆಲದ ಮೇಲೆಯೇ ಓಡಿಸಿ ಪರೀಕ್ಷಿಸುವುದು, ಪ್ರತಿ ಹಾರಾಟದ ಬಳಿಕ ಎಣ್ಣೆ ನೋಡುವುದು, ಇವೆಲ್ಲ ನಿಯಮಗಳಾದವು. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾದ ಆರ್ಫಿಯಸ್ ಎಂಜಿನ್ ಹೊತ್ತ ನ್ಯಾಟ್ ವಿಮಾನವನ್ನು ನಮ್ಮ ಹಿರಿಯ ಓದುಗರು ಕಂಡಿರಬಹುದು. ಅದೂ ಒಂಟಿ ಎಂಜಿನ್ನಿನದೇ. ಅಂಥ ವಿಮಾನದ ಚಾಲಕನಿಗೆ ಹತ್ತು ಲಕ್ಷದಲ್ಲಿ ಐದು ಪಾಲು ಎಂಬುದು ಬರಿಯ ಅಂಕಿಯಲ್ಲ.

ಇಷ್ಟೆಲ್ಲ ಜಾಗ್ರತೆಯ ನಡುವೆಯೂ ಕೆಲವು ಎಂಜಿನ್ನುಗಳು ಒಂದು ಮಾತೂ ಹೇಳದೆ ಕೆಟ್ಟವು. ಎಣ್ಣೆಯ ವರದಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು! ಕಾರಣ ತಿಳಿದಾಗ ಉಪಕರಣದ ಕುರುಡು ಬಯಲಾಯಿತು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಕಿಡಿಯಲ್ಲಿ ಚೆನ್ನಾಗಿ ಉರಿಯುವುದು ಹತ್ತು ಮೈಕ್ರಾನಿಗಿಂತ ಚಿಕ್ಕ ಕಣ; ಅದಕ್ಕಿಂತ ದೊಡ್ಡದು ಉರಿಯದೆ ಉದುರಿಹೋಗುತ್ತದೆ, ಲೆಕ್ಕಕ್ಕೆ ಬರುವುದೇ ಇಲ್ಲ. ಉರುಳುವ ಬೇರಿಂಗು ಸಾಯುವುದಾದರೂ ಹೇಗೆ? ಕೋಟ್ಯಂತರ ಬಾರಿ ಒತ್ತಡ ಬಿದ್ದು ಬಿದ್ದು ಉಕ್ಕು ಒಳಗೊಳಗೇ ದಣಿದು, ಮೈಯಿಂದ ಒಮ್ಮೆಲೇ ಚಕ್ಕೆ ಏಳುತ್ತದೆ. ಆ ಚಕ್ಕೆ ಕಿಡಿಯ ಪಾಲಿಗೆ ಬೆಟ್ಟ. ರೈಲಿನಿಂದ ಎರವಲು ತಂದ ಪರೀಕ್ಷೆ ಜೆಟ್ಟಿನ ಅತಿ ದೊಡ್ಡ ಕೇಡನ್ನೇ ಕಾಣದಂತಿತ್ತು. ಮುಂದೆ ಎಣ್ಣೆಗೆ ಅತಿ ನಯವಾದ ಜರಡಿಗಳು ಬಂದಾಗ ಇನ್ನೊಂದು ತೊಡಕು: ಜರಡಿ ಎಂಜಿನ್ನಿಗೆ ಒಳ್ಳೆಯದು, ಆದರೆ ಸಾಕ್ಷ್ಯವನ್ನೂ ಅದೇ ನುಂಗಿಬಿಡುತ್ತದೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ವೆಸ್ಟ್‌ಕಾಟ್ ಮತ್ತು ಅವರ ಸಂಗಡಿಗರು ಇದಕ್ಕೆ ಫೆರೋಗ್ರಫಿ ಎಂಬ ಬೇರೆ ದಾರಿ ಕಂಡುಕೊಂಡರು. ಎಣ್ಣೆಯನ್ನು ಓರೆಯಾಗಿಟ್ಟ ಗಾಜಿನ ಪಟ್ಟಿಯ ಮೇಲೆ ಹರಿಯಬಿಟ್ಟು ಕೆಳಗೆ ಪ್ರಬಲ ಅಯಸ್ಕಾಂತವಿಟ್ಟರೆ ದೊಡ್ಡ ಕಣಗಳು ಮೊದಲು, ಚಿಕ್ಕವು ಬಳಿಕ, ಸಾಲಾಗಿ ಕೂರುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇಲ್ಲಿ ಕೇಳುವ ಪ್ರಶ್ನೆ ಎಷ್ಟು ಎಂಬುದಲ್ಲ, ಎಂಥದು ಎಂಬುದು. ತೆಳು ಹಾಳೆಯಂಥ ಚೂರು ಸಹಜ ಸವೆತದ್ದು. ಬಡಗಿಯ ತೋಪಡದ ಸುರುಳಿಯಂತಿದ್ದರೆ ಯಾವುದೋ ಗಡಸು ವಸ್ತು ಲೋಹವನ್ನು ಕೆತ್ತುತ್ತಿದೆ. ಕೆಲವೇ ಮೈಕ್ರಾನಿನ ಪುಟ್ಟ ಗುಂಡಗಿನ ಮಣಿಗಳು ಕಂಡರೆ ಬೇರಿಂಗಿನ ಉಕ್ಕಿನೊಳಗೆ ಬಿರುಕು ಹರಿಯುತ್ತಿದೆ.

ಇದಕ್ಕಿಂತ ಸರಳವಾದ ಇನ್ನೊಂದು ಸಾಧನ ಮೊದಲಿನಿಂದಲೂ ಇತ್ತು, ಅಯಸ್ಕಾಂತದ ಬಿರಡೆ. ಎಣ್ಣೆ ಹರಿಯುವ ದಾರಿಯಲ್ಲಿ ತಿರುಚಿ ಕೂರಿಸಿದ ಈ ಬಿರಡೆಯ ತುದಿಗೆ ಉಕ್ಕಿನ ಚಕ್ಕೆಗಳು ಅಂಟುತ್ತವೆ. ಆಗಾಗ ಬಿಚ್ಚಿ ನೋಡಿದರಾಯಿತು. ಕಿಡಿಯ ಕಣ್ಣಿಗೆ ಬೀಳದ ದೊಡ್ಡ ಚೂರುಗಳು ಇದರ ಬಲೆಗೆ ಬೀಳುತ್ತವೆ. ಆದರೆ ಬಿಚ್ಚಿದ್ದನ್ನು ಮತ್ತೆ ಸರಿಯಾಗಿ ಕೂರಿಸಬೇಕಲ್ಲ! ಇಡೀ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮೈ ಜುಮ್ಮೆನಿಸುವ ಘಟನೆ ಹುಟ್ಟಿದ್ದು ಈ ಒಂದು ಕೆಲಸದಿಂದ.

ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್ ತನ್ನ ಲಾಕ್‌ಹೀಡ್ ಟ್ರೈಸ್ಟಾರ್ ವಿಮಾನಗಳ ಮೂರೂ ಎಂಜಿನ್ನುಗಳ ಬಿರಡೆಗಳನ್ನು ಅಲ್ಪಾವಧಿಗೊಮ್ಮೆ ತೆಗೆದು ಪರೀಕ್ಷಿಸುವ ಕ್ರಮವಿಟ್ಟುಕೊಂಡಿತ್ತು. ಎಂಜಿನ್ ಹಾಳಾಗುವ ಮೊದಲೇ ತಿಳಿಯಲೆಂದು ಮಾಡಿದ ಒಳ್ಳೆಯ ಏರ್ಪಾಡು. ಬಿರಡೆಯ ಕುತ್ತಿಗೆಗೆ ಎಣ್ಣೆ ಸೋರದಂತೆ ರಬ್ಬರಿನ ಬಳೆಗಳನ್ನು ತೊಡಿಸಬೇಕು. ಮೇಲ್ವಿಚಾರಕರ ಕಪಾಟಿನಲ್ಲಿ ಸಾಮಾನ್ಯವಾಗಿ ಬಳೆ ತೊಡಿಸಿಯೇ ಇಟ್ಟ ಬಿರಡೆಗಳು ಸಿಗುತ್ತಿದ್ದವು. 1983ರ ಮೇ 5ರ ನಸುಕಿಗೆ ಮುಂಚೆ ಮಯಾಮಿಯಲ್ಲಿ ಆ ಕಪಾಟು ಬರಿದಾಗಿತ್ತು. ಮೆಕ್ಯಾನಿಕ್ ಉಗ್ರಾಣದಿಂದ ಹೊಸ ಬಿರಡೆಗಳನ್ನು ತಂದ. ಅವುಗಳಿಗೆ ಬಳೆ ಇರಲಿಲ್ಲ. ಗಮನಿಸದೆ ಮೂರೂ ಎಂಜಿನ್ನುಗಳಿಗೆ ಕೂರಿಸಲಾಯಿತು.

ಬೆಳಿಗ್ಗೆ 172 ಜನರನ್ನು ಹೊತ್ತು ವಿಮಾನ ಬಹಾಮಾಸ್ ದ್ವೀಪಗಳ ನಸ್ಸೌ ಕಡೆಗೆ ಹೊರಟಿತು. ಇಳಿಯತೊಡಗುವ ಹೊತ್ತಿಗೆ ನಡುವಣ ಎಂಜಿನ್ನಿನ ಎಣ್ಣೆಯ ಒತ್ತಡ ಬಿತ್ತು. ಚಾಲಕರು ಅದನ್ನು ನಿಲ್ಲಿಸಿ, ಹವಾಮಾನ ಚೆನ್ನಾಗಿದ್ದ ಮಯಾಮಿಗೆ ಹಿಂದಿರುಗಲು ನಿರ್ಧರಿಸಿದರು. ಅಷ್ಟರಲ್ಲಿ ಉಳಿದೆರಡರ ಮುಳ್ಳುಗಳೂ ಸೊನ್ನೆಗಿಳಿದವು. ಮೂರೂ ಎಂಜಿನ್ನುಗಳಲ್ಲಿ ಒಟ್ಟಿಗೇ ಎಣ್ಣೆ ಬತ್ತುವುದೆಂದರೇನು, ಮಾಪಕವೇ ಕೆಟ್ಟಿರಬೇಕು ಎಂದುಕೊಂಡರು. ಅದು ತಪ್ಪು ತರ್ಕವೇನಲ್ಲ. ಆದರೆ ಒಂದಾದ ಮೇಲೊಂದರಂತೆ ಎರಡೂ ಆರಿಹೋದವು. ಸುಮಾರು 13,000 ಅಡಿ ಎತ್ತರದಿಂದ, ಒಂದು ಎಂಜಿನ್ನೂ ಇಲ್ಲದೆ, ವಿಮಾನ ಕಡಲಿನತ್ತ ಜಾರತೊಡಗಿತು. ಪ್ರಯಾಣಿಕರು ಜೀವರಕ್ಷಕ ಅಂಗಿ ತೊಟ್ಟು ಕುಳಿತರು. ಸುಮಾರು 4,000 ಅಡಿಗೆ ಇಳಿದಾಗ, ಮೊದಲೇ ನಿಲ್ಲಿಸಿದ್ದರಿಂದ ಇನ್ನೂ ಒಂದಿಷ್ಟು ಎಣ್ಣೆ ಉಳಿಸಿಕೊಂಡಿದ್ದ ನಡುವಣ ಎಂಜಿನ್ ಮತ್ತೆ ಹೊತ್ತಿಕೊಂಡಿತು. ಆ ಒಂದರ ಬಲದಿಂದಲೇ ಮಯಾಮಿ ಸೇರಿದರು. ಒಬ್ಬರಿಗೂ ಪೆಟ್ಟಾಗಲಿಲ್ಲ.

ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ಮೆಕ್ಯಾನಿಕ್ಕನ್ನು ಮಾತ್ರ ದೂರಿ ಸುಮ್ಮನಾಗಲಿಲ್ಲ. ಇದೇ ಬಿರಡೆಗಳಿಂದ ಮೊದಲೂ ಹಲವು ಸಲ ತೊಂದರೆಯಾಗಿತ್ತು. ಮೇಲ್ವಿಚಾರಕರೂ ಆಡಳಿತದವರೂ ಅದರ ಅರ್ಥವನ್ನು ಗ್ರಹಿಸಲಿಲ್ಲ ಎಂದಿತು. ಒಂದೇ ರಾತ್ರಿ ಎಲ್ಲ ಎಂಜಿನ್ನುಗಳಲ್ಲೂ ಒಂದೇ ತಪ್ಪಾದರೆ ಮೂರು ಎಂಜಿನ್ನಿನ ವಿಮಾನ ಒಂಟಿ ಎಂಜಿನ್ನಿನದಕ್ಕಿಂತ ಸುರಕ್ಷಿತವೇನಲ್ಲ. ಒಂದೇ ವಿಮಾನದ ಎಲ್ಲ ಎಂಜಿನ್ನುಗಳ ಇಂಥ ಕೆಲಸವನ್ನು ಒಬ್ಬನಿಗೇ ಒಪ್ಪಿಸಬಾರದೆಂಬ ಎಚ್ಚರ ವಿಮಾನ ದುರಸ್ತಿಯವರಲ್ಲಿ ಬಲವಾಗಿ ಬೇರೂರಲು ಇಂಥ ಘಟನೆಗಳೇ ಕಾರಣ.

ಬಿರಡೆ ಹೋಗಲಿಲ್ಲ, ಎಣ್ಣೆ ಪರೀಕ್ಷೆಯೂ ನಿಲ್ಲಲಿಲ್ಲ. ಬಿರಡೆಗೆ ಅಂಟಿದ ಚೂರಿನ ಜಾತಿಯನ್ನು ಗುರುತಿಸುವ ವಿದ್ಯೆ ಬೆಳೆಯಿತು. ಬೇರಿಂಗಿಗೆ ಬಳಸುವ ಎಂ-50 ಎಂಬ ಉಕ್ಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಕ್ರೋಮಿಯಮ್, ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಾಲಿಬ್ಡಿನಮ್, ಒಂದು ಪಾಲು ವೆನೇಡಿಯಮ್ ಇರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ಚೂರು ಹೊಮ್ಮಿಸುವ ಎಕ್ಸ್-ಕಿರಣವನ್ನು ಓದಿದರೆ ಅದು ಬೇರಿಂಗಿನದೋ, ಯಾವುದೋ ತಿರುಪಿನದೋ ತಿಳಿಯುತ್ತದೆ. ಒಂಟಿ ಎಂಜಿನ್ನಿನ ಎಫ್-16 ವಿಮಾನಗಳಿಗಾಗಿ ಅಮೆರಿಕದ ವಾಯುಪಡೆ ಈ ಉಪಕರಣವನ್ನು ತನ್ನ ನೆಲೆಗಳಲ್ಲೇ ಇರಿಸಿಕೊಂಡಿತು. ಆಮೇಲೆ ಬಂದ ಎಫ್-22ರ ಎಂಜಿನ್ನಿನಲ್ಲಿ ಎಣ್ಣೆಯ ಕೊಳವೆಗೇ ತಂತಿಯ ಸುರುಳಿ ಸುತ್ತಲಾಗಿದೆ. ಲೋಹದ ಚೂರು ಹಾದುಹೋದಾಗಲೆಲ್ಲ ಸುರುಳಿಯ ಕಾಂತಕ್ಷೇತ್ರ ಕದಡಿ, ವಿಮಾನ ಆಕಾಶದಲ್ಲಿರುವಾಗಲೇ ಲೆಕ್ಕ ಬೀಳುತ್ತದೆ. ಅದಕ್ಕೆ ಯಾರೂ ಬಿರಡೆ ಬಿಚ್ಚಬೇಕಾಗಿಲ್ಲ, ರಬ್ಬರಿನ ಬಳೆ ಹುಡುಕಬೇಕಾಗಿಲ್ಲ.